ಅಣ್ಣಾಸಾಹೇಬರು ಒಗೆದ ಬಟ್ಟೆ

ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ‘ಗದ್ದಲ ಮಾಡಬೇಡಿ’ ಎಂಬ ಫಲಕದ ಕೆಳಗೇ ಕೂತು ಎಲ್ಲರಿಗಿಂತ ಹೆಚ್ಚು ಗದ್ದಲ ಮಾಡುವವರು ಅಣ್ಣಾಸಾಹೇಬರು. ಬನಹಟ್ಟಿಯಲ್ಲಿ ಇಪ್ಪತ್ತೆರಡು ವರ್ಷ ಪಾವರ್‌ಲೂಮ್ ನಡೆಸಿ, ಈಗ ಇಲ್ಲಿ ಹೊರಗುತ್ತಿಗೆಯ ಅಟೆಂಡರ್ ಆಗಿರುವವರು. ಮಗ್ಗದ ಸಪ್ಪಳ ಅವರ ಎಡಗಿವಿಯನ್ನು ಪೂರ್ತಿ, ಬಲಗಿವಿಯನ್ನು ಅರ್ಧ ತಿಂದುಹಾಕಿದೆ. ತಮಗೆ ಕೇಳಿಸದ್ದು ಲೋಕಕ್ಕೂ ಕೇಳಿಸುವುದಿಲ್ಲ ಎಂದುಕೊಂಡು, ಓದುತ್ತ ಕೂತ ಸಂಶೋಧನಾ ವಿದ್ಯಾರ್ಥಿನಿಯರ ಬೆನ್ನ ಹಿಂದೆ ನಿಂತು “ಆ ಕಪಾಟಿನ ಕೀಲಿ ನಿಮಗ ಬೇಕೇನ್ರೀ?” ಎಂದು ಕೂಗುತ್ತಾರೆ. ಅವರು ಬೆಚ್ಚಿಬಿದ್ದು ಪೆನ್ನು ಕೆಳಗೆ ಹಾಕುತ್ತಾರೆ. ನಾನು ಮನೀಷಾ, ಸಹಾಯಕ ಗ್ರಂಥಪಾಲಕಿ, ದಿನಾ ಮುಧೋಳದಿಂದ ಬಸ್ಸು ಹಿಡಿದು ಜಮಖಂಡಿಗೆ ಬರುವವಳು. ಅಣ್ಣಾಸಾಹೇಬರನ್ನು ಸುಮ್ಮನಾಗಿಸುವುದೂ ನನ್ನ ಕೆಲಸಗಳಲ್ಲಿ ಒಂದು.

ಅದಕ್ಕೇ ಜೂನ್ ತಿಂಗಳ ಆ ಬುಧವಾರ ಅವರು ನನ್ನ ಮೇಜಿನ ಹತ್ತಿರ ಬಂದು, ದನಿ ತಗ್ಗಿಸಿ, “ಮೇಡಮ್ರ, ಒಂದು ತಪ್ಪಾಗೇತ್ರಿ” ಎಂದಾಗಲೇ ನಾನು ಪೆನ್ನು ಕೆಳಗಿಟ್ಟೆ. ಅಣ್ಣಾಸಾಹೇಬರು ಪಿಸುಗುಟ್ಟಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ತಪ್ಪು ಏನೆಂದು ತಿಳಿಯಬೇಕಾದರೆ ನಮ್ಮ ಮಹಡಿಯ ಮೇಲಿನ ಕೋಣೆಯನ್ನು ಒಮ್ಮೆ ನೋಡಬೇಕು. ವಿಶ್ವವಿದ್ಯಾಲಯ ಹೊಸದು, ಕೋಣೆಯೂ ಹೊಸದು, ಒಳಗಿರುವ ಸಾಮಾನು ಮಾತ್ರ ಹಳೆಯದು. ಸಂಸ್ಥಾನಗಳ ಕಾಲದ, ಮರಾಠಿಯ ಹಳೆಯ ಮೋಡಿ ಲಿಪಿಯ ದಫ್ತರಗಳಿವೆ, ಅವನ್ನು ಓದಬಲ್ಲವರು ಜಮಖಂಡಿಯಲ್ಲಿ ಈಗ ಬೆರಳೆಣಿಕೆಯಷ್ಟು. ರಟ್ಟು ಕಳಚಿದ ನೂರು ವರ್ಷದ ಪುಸ್ತಕಗಳಿವೆ. ಗೋಡೆಗೆ ಹೊಂದಿಸಿದ ಕಬ್ಬಿಣದ ಕಪಾಟಿನಲ್ಲಿ, ತೇರದಾಳ ಮತ್ತು ಸುತ್ತಲಿನ ಊರುಗಳ ಜೈನ ಮನೆತನದವರು ದಾನ ಕೊಟ್ಟ ಏಳು ತಾಳೆಗರಿ ಕಟ್ಟುಗಳಿವೆ. ಅವನ್ನು ನಾನು ತಾಳೆಗರಿ ಎನ್ನುತ್ತೇನೆ. ಅಣ್ಣಾಸಾಹೇಬರು ತೇರದಾಳದ ಜೈನರು, ಅವರಿಗೆ ಅವು ಶಾಸ್ತ್ರ. ಕೈ ತೊಳೆಯದೆ ಮುಟ್ಟುವುದಿಲ್ಲ, ಚಪ್ಪಲಿ ಹಾಕಿಕೊಂಡು ಆ ಕೋಣೆಯ ಹೊಸ್ತಿಲು ದಾಟುವುದಿಲ್ಲ. ಕುಲಸಚಿವರು ಬೂಟು ಹಾಕಿಕೊಂಡು ಬಂದ ದಿನ ಬಾಗಿಲಲ್ಲಿ ಅಡ್ಡ ನಿಂತು, ಅವರು ಬೂಟು ಬಿಚ್ಚುವವರೆಗೆ ಕದಲಲಿಲ್ಲ. ಹೊರಗುತ್ತಿಗೆಯ ನೌಕರ ಇಷ್ಟು ಧೈರ್ಯ ಮಾಡಬಾರದು.

ಕಟ್ಟುಗಳು ಬಂದ ಹೊಸದರಲ್ಲಿ ಮೇಲಿನ ಮರದ ಹಲಗೆಗಳ ಮೇಲೆ ನಂಬರಿನ ಚೀಟಿ ಅಂಟಿಸಲು ನಾನು ಗೋಂದು ತಂದೆ. ಅಣ್ಣಾಸಾಹೇಬರು ಗೋಂದಿನ ಡಬ್ಬಿ ಕಸಿದುಕೊಂಡರು.

“ಶಾಸ್ತ್ರದ ಮೈಗೆ ಏನೂ ಹಚ್ಚಬಾರದ್ರಿ. ನಮ್ಮ ಮನ್ಯಾಗ ಹೆಸರು ಸುದ್ದಾ ಅರಿವಿ ಮ್ಯಾಲ ಬರೀತಾರ.”

ಹಳೆಯ ಹಲಗೆಗೆ ಗೋಂದು ಹಚ್ಚುವುದು ನಿಯಮದ ಪ್ರಕಾರವೂ ತಪ್ಪೇ. ಹೀಗಾಗಿ ಅವರ ಮಾತೇ ನಡೆಯಿತು. ಪ್ರತಿ ಕಟ್ಟಿಗೆ ಸುತ್ತಿದ ಅರಿವಿಯ, ಅಂದರೆ ಬಟ್ಟೆಯ ತುದಿಗೆ, ನಂಬರು ಮತ್ತು ಕೊಟ್ಟ ಮನೆಯ ಹೆಸರು ಬರೆದ ಚಿಕ್ಕ ಪಟ್ಟಿಯನ್ನು ಅವರೇ ಸೂಜಿದಾರದಲ್ಲಿ ಹೊಲಿದರು. ಮಗ್ಗದವರ ಹೊಲಿಗೆ, ಅಚ್ಚುಕಟ್ಟಾಗಿತ್ತು.

ಇನ್ನು ಶ್ರುತ ಪಂಚಮಿ. ಜ್ಯೇಷ್ಠ ಮಾಸದ ಆ ದಿನ ಜೈನರ ಮನೆಗಳಲ್ಲಿ ಶಾಸ್ತ್ರಗಳನ್ನು ಹೊರಗೆ ತೆಗೆದು, ಧೂಳು ಒರೆಸಿ, ಗಾಳಿಗೆ ಹಿಡಿದು, ಹೊಸ ಬಟ್ಟೆ ಸುತ್ತಿ ಪೂಜೆ ಮಾಡುತ್ತಾರೆ. ಈ ವರ್ಷ ನಮ್ಮಲ್ಲೂ ಮಾಡೋಣ ಎಂದು ಅಣ್ಣಾಸಾಹೇಬರು ಕೇಳಿದಾಗ ನಾನು ಕೂಡಲೇ ಒಪ್ಪಿದೆ. ವರ್ಷಕ್ಕೊಮ್ಮೆ ಗಾಳಿಗೆ ಹಿಡಿಯುವುದು ಗರಿಗಳಿಗೆ ಒಳ್ಳೆಯದು, ನನ್ನ ವರದಿಗೂ ಒಳ್ಳೆಯದು. ಅವರು ಬನಹಟ್ಟಿಯ ತಮ್ಮ ಹಳೆಯ ಗೆಳೆಯನ ಮಗ್ಗದಿಂದ ಹಳದಿ ಬಟ್ಟೆ ತಂದರು. ಪಂಚಮಿಯ ಬೆಳಿಗ್ಗೆ ಏಳು ಕಟ್ಟುಗಳ ಹಳೆಯ ಬಟ್ಟೆ ಬಿಚ್ಚಿ ಪಕ್ಕಕ್ಕಿಟ್ಟು, ಕಟ್ಟುಗಳನ್ನು ಉದ್ದದ ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. ಯಾವುದು ಯಾವ ಮನೆಯದೆಂಬುದು ಆ ಸಾಲಿನಲ್ಲಿತ್ತು, ಸಾಲು ಅವರ ತಲೆಯಲ್ಲಿತ್ತು.

ಅಷ್ಟರಲ್ಲಿ ದೊಡ್ಡ ಸಾಹೇಬರೆಲ್ಲ ಬಂದರು. ಫೋಟೋ ತೆಗೆಸಿಕೊಳ್ಳಬೇಕಾಯಿತು. ಒಬ್ಬರು ಒಂದು ಕಟ್ಟು ಎತ್ತಿ ಹಿಡಿದರು, ಇನ್ನೊಬ್ಬರು ಮತ್ತೊಂದು. ಚಹಾ ಬಂತು, ಕಟ್ಟುಗಳನ್ನು ಸರಿಸಿ ಜಾಗ ಮಾಡಿದರು. ಅಣ್ಣಾಸಾಹೇಬರು ಕೈ ತೊಳೆಯಲು ನೀರು ತರಲೆಂದು ಕೆಳಗೆ ಹೋಗಿದ್ದರು. ನಾನು ಅಲ್ಲೇ ಇದ್ದೆ, ನಗುತ್ತ ಫೋಟೋದಲ್ಲಿ ನಿಂತಿದ್ದೆ. ಅವರು ಮೇಲೆ ಬಂದಾಗ ಸಾಲು ಹೋಗಿತ್ತು.

“ನನಗ ಆವಾಗ ಹೇಳಲಿಕ್ಕೇನಾಗಿತ್ರಿ?” ಎಂದು ಬುಧವಾರ ನಾನು ಹರಿಹಾಯ್ದೆ.

“ಗರಿ ಎಣಿಸಿ ಹೊಂದಸ್ತೀನಿ ಅನ್ನು ಧೈರ್ಯ ಇತ್ರಿ. ಐದು ಹೊಂದಿದ್ವು. ಎರಡು ಹೊಂದವಲ್ಲವು.”

ರಿಜಿಸ್ಟರಿನಲ್ಲಿ ಪ್ರತಿ ಕಟ್ಟಿನ ಗರಿಗಳ ಸಂಖ್ಯೆ, ಉದ್ದ, ಅಗಲ ಬರೆದಿದ್ದೆವು. ಹೊಂದದೆ ಉಳಿದ ಎರಡರಲ್ಲೂ ನೂರಾ ಹದಿನಾಲ್ಕು ಗರಿ. ಒಂದೇ ಉದ್ದ, ಒಂದೇ ಅಗಲ, ಒಂದೇ ಕಥೆ, ಒಬ್ಬನೇ ಲಿಪಿಕಾರನ ಬರಹ. ಯಾವ ಕಾಲದಲ್ಲೋ ಯಾರೋ ವ್ರತ ಮುಗಿಸಿ ಜೋಡಿ ಪ್ರತಿ ಬರೆಸಿ ಎರಡು ಮನೆಗೆ ದಾನ ಮಾಡಿರಬೇಕು. ಒಂದು ತೇರದಾಳದ ಮನೆಯಿಂದ ಬಂದದ್ದು, ಇನ್ನೊಂದು ಗಲಗಲಿಯ ಜಿನ್ನವ್ವ ಎಂಬ ಮುದುಕಿ ಕೊಟ್ಟದ್ದು. ಬಿಚ್ಚಿದ ಬಟ್ಟೆಗಳನ್ನು ಅಣ್ಣಾಸಾಹೇಬರು ಮನೆಗೆ ಒಯ್ದು, ಪಟ್ಟಿಗಳನ್ನು ಕತ್ತರಿಸಿ ಅಂಗಿಯ ಕಿಸೆಯಲ್ಲಿಟ್ಟುಕೊಂಡಿದ್ದರು. ಈಗ ಆ ಎರಡು ಪಟ್ಟಿಗಳನ್ನು ನನ್ನ ಮೇಜಿನ ಮೇಲಿಟ್ಟು, ಅವನ್ನೇ ನೋಡುತ್ತ ನಿಂತರು.

ಇಷ್ಟೇ ಆಗಿದ್ದರೆ ತಿಂಗಳುಗಟ್ಟಲೆ ಕೂತು ಹುಡುಕಬಹುದಿತ್ತು. ಆದರೆ ಆ ಬೆಳಿಗ್ಗೆಯೇ ಗಲಗಲಿಯಿಂದ ಫೋನು ಬಂದಿತ್ತು. ಮಾತಾಡಿದವನು ಜಿನ್ನವ್ವನ ತಮ್ಮನ ಮೊಮ್ಮಗ ಯುವರಾಜ, ವಕೀಲರೊಬ್ಬರ ಕಚೇರಿಯಲ್ಲಿ ಕೆಲಸ ಮಾಡುವವ. “ನಮ್ಮ ಆಯಿ ಕಣ್ಣಿನ ಆಪರೇಶನ್ ಆಗಿ ಪಂಚಮಿಗೆ ಬರಲಿಕ್ಕಾಗಲಿಲ್ರಿ. ಸೋಮವಾರ ಕರಕೊಂಡು ಬರ್ತೀನಿ. ನಮ್ಮ ಶಾಸ್ತ್ರಕ್ಕ ನಮಸ್ಕಾರ ಮಾಡಿ ಬರ್ತಾಳಂತ.” ಕೇಳಿದಾಗ ತೋರಿಸಬೇಕು ಎಂಬ ಕರಾರು ದಾನಪತ್ರದಲ್ಲೇ ಇದೆ. ಅದರ ಕೆಳಗೆ ನನ್ನ ಸಹಿ ಇದೆ.

ಆ ನಾಲ್ಕು ದಿನ ಹೇಗೆ ಕಳೆದವೋ ನಮ್ಮಿಬ್ಬರಿಗೇ ಗೊತ್ತು. ಅಣ್ಣಾಸಾಹೇಬರು ಗುರುವಾರ ಗರಿಗಳನ್ನು ಹನ್ನೊಂದು ಸಲ ಎಣಿಸಿದರು. ಒಂದು ಗರಿ ಹೆಚ್ಚು ಕಡಿಮೆ ಬಂದೀತೆಂಬ ಆಸೆ, ಪ್ರತಿ ಸಲವೂ ನೂರಾ ಹದಿನಾಲ್ಕೇ. ಶುಕ್ರವಾರ ಊಟದ ಡಬ್ಬಿ ಬಿಚ್ಚಲೇ ಇಲ್ಲ. ಕಪಾಟಿನ ಬಾಗಿಲು ತೆಗೆಯುವುದು, ಎರಡು ಹಳದಿ ಗಂಟುಗಳನ್ನು ನೋಡುವುದು, ಮುಚ್ಚುವುದು, ಕೀಲಿ ಹಾಕಿ ಜಗ್ಗಿ ನೋಡುವುದು, ಐದು ನಿಮಿಷಕ್ಕೆ ಮತ್ತೆ ತೆಗೆಯುವುದು. ಸಾಲದ್ದಕ್ಕೆ ತಿಂಗಳ ಕೊನೆಗೆ ಹೊರಗುತ್ತಿಗೆಯವರ ಹೆಸರಿನ ಪಟ್ಟಿ ಹೊಸದಾಗುವುದಿತ್ತು. ಒಂದು ದೂರು ಹೋದರೆ ಅವರ ಹೆಸರು ಆ ಪಟ್ಟಿಯಲ್ಲಿ ಇರುವುದಿಲ್ಲ. ನನ್ನ ಹೆಸರಿಗೂ ಮಸಿ ಬಳಿಯುವುದು ಖಾತ್ರಿ. ಮುಧೋಳದ ಬಸ್ಸಿನಲ್ಲಿ ಕೂತು ನಾನು ಹಾದಿಯುದ್ದಕ್ಕೂ ವಿವರಣೆ ಪತ್ರ ಬರೆಯುತ್ತಿದ್ದೆ, ಮನಸ್ಸಿನಲ್ಲೇ. ಯಾವ ವಾಕ್ಯದಲ್ಲೂ ತಪ್ಪು ನನ್ನದಾಗಿರಲಿಲ್ಲ.

ಶನಿವಾರ ನಾನೇ ಆ ಮಾತು ಹೇಳಿದೆ. ಹೇಳಬಾರದಿತ್ತು.

“ಅಣ್ಣಾಸಾಹೇಬ್ರ, ಎರಡೂ ಒಂದ ಕಥಿ, ಒಂದ ಕೈಬರಹ. ಆ ಅಜ್ಜಿಗೆ ಕಣ್ಣು ಬ್ಯಾರೆ ಮಂಜು. ಯಾವದರೆ ಒಂದಕ್ಕ ಗಲಗಲಿ ಪಟ್ಟಿ ಹಚ್ಚಿ ಕೊಟ್ಟುಬಿಡ್ರಿ. ನಮಸ್ಕಾರ ಮಾಡಿ ಹೋಗ್ತಾಳ.”

ಅವರು ಕಪಾಟಿನ ಕೀಲಿಯನ್ನು ಮತ್ತೊಮ್ಮೆ ಜಗ್ಗಿ ನೋಡಿದರು. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಲು ಬಾಯಿ ತೆರೆದೆ.

“ಕೇಳೇತ್ರಿ” ಎಂದರು. “ಅರವತ್ತು ವರ್ಸ ಆಕಿ ಕೈಯಿಂದ ಕಟ್ಟಿದ ಗಂಟು ಅದು. ಬ್ಯಾರೆಯವರದಕ್ಕ ತಲಿಬಾಗಸೂದು ಹೆಂಗ್ರಿ?”

“ಮತ್ತ ಏನ್ ಮಾಡ್ತೀರಿ, ಹೇಳ್ರಿ.”

ಅವರು ಎರಡೂ ಪಟ್ಟಿಗಳನ್ನು ಕಿಸೆಗೆ ಹಾಕಿಕೊಂಡು ಕೆಳಗಿಳಿದರು. ಸೋಮವಾರ ಬೆಳಿಗ್ಗೆ ನೋಡಿದರೆ ಎರಡು ಗಂಟುಗಳಲ್ಲಿ ಒಂದಕ್ಕೆ ಗಲಗಲಿಯ ಪಟ್ಟಿ ಹೊಲಿದಿತ್ತು. ಹೊಲಿಗೆ ಡೊಂಕಾಗಿತ್ತು.

ಹನ್ನೊಂದು ಗಂಟೆಗೆ ಜಿನ್ನವ್ವ ಬಂದಳು. ಎಂಬತ್ತು ದಾಟಿದ ಸಣ್ಣ ಜೀವ, ಬಿಳಿ ಸೀರೆ, ಕಣ್ಣಿಗೆ ಆಪರೇಶನ್ನಿನ ಕಪ್ಪು ಕನ್ನಡಕ. ಮಹಡಿಯ ಮೆಟ್ಟಿಲುಗಳನ್ನು ಯುವರಾಜನ ತೋಳು ಹಿಡಿದು ಒಂದೊಂದಾಗಿ ಹತ್ತಿದಳು. ಹೊಸ್ತಿಲಲ್ಲಿ ಯಾರೂ ಹೇಳದೆ ಚಪ್ಪಲಿ ಬಿಟ್ಟಳು. ಯುವರಾಜ ಮೊಬೈಲು ಹೊರತೆಗೆದು ವಿಡಿಯೋ ಮಾಡತೊಡಗಿದ, ಮನೆಯವರಿಗೆ ತೋರಿಸಲಿಕ್ಕಂತೆ.

ಅಣ್ಣಾಸಾಹೇಬರು ಪಟ್ಟಿಯಿದ್ದ ಗಂಟನ್ನು ತಂದು ಮಣೆಯ ಮೇಲಿಟ್ಟರು. ಜಿನ್ನವ್ವ ಎದುರಿಗೆ ಕುರ್ಚಿಯಲ್ಲಿ ಕೂತು, ಸೆರಗು ತಲೆಯ ಮೇಲೆಳೆದುಕೊಂಡು, ಎರಡೂ ಕೈ ಜೋಡಿಸಿದಳು. “ಒಂದು ವರ್ಸ ಆತು ನೋಡವ್ವಾ, ನಿನ್ನ ಬಿಟ್ಟು” ಎಂದು ಗಂಟಿಗೆ ಹೇಳಿದಳು. ಹೇಳಿ ತಲೆ ಬಾಗಿಸತೊಡಗಿದಳು.

“ತಡೀರೀ! ಆಯಿ, ತಡೀರಿ!”

ಅಣ್ಣಾಸಾಹೇಬರು ಕೂಗಿದ್ದು ಕೆಳಗಿನ ಓದುವ ಕೋಣೆಗೂ ಕೇಳಿಸಿತು. ಮೆಟ್ಟಿಲ ಹತ್ತಿರ ನಾಲ್ಕು ಮುಖಗಳು ಕಾಣಿಸಿದವು.

“ಇದು ನಿಮ್ದು ಹೌದೋ ಅಲ್ಲೋ ನನಗ ಗೊತ್ತಿಲ್ರಿ. ಅರಿವಿ ಬದಲಿಸು ಮುಂದ ಅದಲ ಬದಲ ಆಗ್ಯಾವು. ಸುಳ್ಳು ಪಟ್ಟಿ ನಾನ ಹಚ್ಚೇನಿ. ನಂದ ತಪ್ಪು, ಮೇಡಮ್ಮರದು ಏನಿಲ್ರಿ.”

ಮೇಡಮ್ಮರದು ಏನಿಲ್ಲ ಎಂದಾಗ ನಾನು ನೆಲ ನೋಡಿದೆ. ಅಲ್ಲ, ನಂದೂ ಐತಿ ಎನ್ನಲು ನಾಲಿಗೆ ಏಳಲಿಲ್ಲ. ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ಯುವರಾಜ ಮೊಬೈಲು ಕೆಳಗಿಳಿಸಿದ. “ಏನ್ರೀ ಇದು? ಜ್ವಾಪಾನ ಮಾಡ್ತೀವಂತ ಬರದ ಕೊಟ್ಟೀರಿಲ್ಲೋ? ಇದಕ್ಕ ನಾವು ಸುಮ್ಮ ಕೂಡೂದಿಲ್ರಿ…”

“ನೀ ಸುಮ್ನಿರಪಾ ಯುವರಾಜಾ” ಎಂದಳು ಜಿನ್ನವ್ವ. ಆಮೇಲೆ ಅಣ್ಣಾಸಾಹೇಬರ ದನಿ ಬಂದ ಕಡೆ ಮುಖ ತಿರುಗಿಸಿದಳು. “ಎರಡೂ ಬಿಚ್ಚಿ ಇಡಪಾ ತಮ್ಮಾ. ಅಂಜಬ್ಯಾಡ. ನಮ್ಮದರ ಕೆಳಗಿನ ಹಲಗಿ ಹಸರ ಆಗೇತಿ ನೋಡು.”

ಅಣ್ಣಾಸಾಹೇಬರು ಎರಡೂ ಹಳದಿ ಗಂಟು ಬಿಚ್ಚಿದರು. ಪಟ್ಟಿ ಇಲ್ಲದ ಕಟ್ಟನ್ನು ಮಗುಚಿದಾಗ, ಕೆಳಗಿನ ಹಲಗೆಯ ಮೇಲೆ ಅಂಗೈಯಗಲದ ಮಾಸಲು ಹಸಿರು ಕಲೆ. ಅದನ್ನು ಆ ನಾಲ್ಕು ದಿನಗಳಲ್ಲಿ ನಾವಿಬ್ಬರೂ ಹಲವು ಸಲ ನೋಡಿದ್ದೆವು. ಬೂಷ್ಟು ಎಂದುಕೊಂಡು, ಮಳೆಗಾಲ ಮುಗಿದ ಮೇಲೆ ಒರೆಸಬೇಕು ಎಂದು ನಾನು ಟಿಪ್ಪಣಿಯನ್ನೂ ಬರೆದಿದ್ದೆ.

“ಐತ್ರಿ! ಆಯಿ, ಹಸರ ಐತ್ರಿ!” ಎಂದು ಅಣ್ಣಾಸಾಹೇಬರು ಕುಣಿಯುವುದೊಂದು ಬಾಕಿ. ನನಗೂ ಹೋದ ಜೀವ ಬಂದಂತಾಯಿತು. ಸುಳ್ಳು ಪಟ್ಟಿ ಹಚ್ಚಿದ್ದು ತೇರದಾಳದ ಕಟ್ಟಿಗೆ. ಇನ್ನೊಂದು ಕ್ಷಣ ತಡವಾಗಿದ್ದರೆ ಮುದುಕಿ ಬೇರೆ ಮನೆಯ ಶಾಸ್ತ್ರಕ್ಕೆ ತಲೆಬಾಗಿ ಹೋಗುತ್ತಿದ್ದಳು. ಆದರೂ ಸರಿಯಾದದ್ದು ಸಿಕ್ಕಿತು, ಯುವರಾಜನ ಹುಬ್ಬುಗಳೂ ಸಡಿಲವಾದವು. ಇಲ್ಲಿಗೆ ಕಥೆ ಮುಗಿಯಿತು ಎಂದು ನಾನು ಚಹಾ ತರಿಸಲು ಎದ್ದೆ.

ಜಿನ್ನವ್ವ ಹಲಗೆಗೆ ಹಣೆ ಹಚ್ಚಿ ನಮಸ್ಕರಿಸಿದಳು. ಬಳಿಕ ಹಲಗೆಯ ಸುತ್ತ, ಮಣೆಯ ಮೇಲೆ, ಹಳದಿ ಬಟ್ಟೆಯ ಮಡಿಕೆಗಳಲ್ಲಿ ಕೈಯಾಡಿಸುತ್ತ ಏನನ್ನೋ ಹುಡುಕಿದಳು.

“ಒಳಗಿನ ಅರಿವಿ ಎಲ್ಲಿ?” ಎಂದಳು.

ಅವಳು ಹಳದಿ ಬಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

“ವರ್ಸಾ ಹೊಸಾ ಅರಿವಿ ಮ್ಯಾಲೆ ಸುತ್ತತಿದ್ದೆ. ಒಳಗಿಂದು ತಗೀತಿರಲಿಲ್ಲ. ನನ್ನ ಮಗಳು ಉಡತಿದ್ದ ಪರಕಾರ ಅದು, ಹಸರ ಖಣದ್ದು. ಒಂಬತ್ತು ವರ್ಸದಕಿ ಇದ್ದಳು, ಜ್ವರಾ ಬಂದು ಹ್ವಾದಳು. ಹೊಳಿ ಬಂದ ವರ್ಸ ಪೆಟಿಗ್ಯಾಗ ನೀರು ಹೊಕ್ಕು, ಬಣ್ಣೆಲ್ಲಾ ಹಲಗಿಗೆ ಇಳೀತು. ಅರಿವಿ ಬೂದಿ ಬಣ್ಣ ಆತು. ಆದ್ರ ಅದ ಅದು.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಯಾವುದೋ ಕಪಾಟಿನಲ್ಲಿಟ್ಟಿರುತ್ತಾರೆ, ಈಗ ತಂದುಕೊಡುತ್ತಾರೆ ಎಂಬ ಭರವಸೆ ಇತ್ತು. “ಶಾಸ್ತ್ರ ನಿಮ್ಮಲ್ಲಿ ಇರಲಿ, ಓದವರು ಓದಲಿ. ನಾ ಅದನ್ನೊಂದು ಮುಟ್ಟಿ ಹೋಗಬೇಕಂತ ಬಂದೇನಿ.”

ಅಣ್ಣಾಸಾಹೇಬರ ಮನೆಯಲ್ಲಿ ಒಂದು ಪದ್ಧತಿಯಿದೆ. ಶಾಸ್ತ್ರದಿಂದ ಬಿಚ್ಚಿದ ಹಳೆಯ ಬಟ್ಟೆಯನ್ನು ಎಸೆಯುವುದಿಲ್ಲ, ಒಗೆದು ಹರಿದು ಮನೆಯ ಎಳೆಗೂಸಿಗೆ ಹಾಸುತ್ತಾರೆ, ಕೂಸಿಗೆ ಒಳ್ಳೆಯದಾಗಲಿ ಎಂದು. ಮಗಳು ಮಾನಸಿ ಹೆರಿಗೆಗೆ ತವರಿಗೆ ಬಂದಿದ್ದಳು, ತೊಟ್ಟಿಲಲ್ಲಿ ಹೆಣ್ಣು ಕೂಸಿತ್ತು. ಪಂಚಮಿಯ ಸಂಜೆಯೇ ಅವರು ಬಟ್ಟೆಗಳನ್ನೆಲ್ಲ ಕೈಯಾರೆ ಒಗೆದು ಹರಿದಿದ್ದರು. ಇಪ್ಪತ್ತೆರಡು ವರ್ಷ ಬಟ್ಟೆ ನೇಯ್ದ ಕೈ. ಅದು ಲಂಗ, ಕುಪ್ಪಸಕ್ಕೆ ನೇಯುವ ಖಣ ಎಂದು ಅವರಿಗೆ ಮುಟ್ಟಿದ ಕೂಡಲೇ ಗೊತ್ತಾಗಿತ್ತು.

“ಭಾಳ ಮೆತ್ತಗಿತ್ರಿ” ಎಂದರು. “ತೇರದಾಳದ ನಮ್ಮ ಮನ್ಯಾಗ, ಮಗಳ ಕೂಸಿಗೆ ಛಲೋ ಆಕ್ಕೈತಿ ಅಂತ ಅದನ್ನ ಆರಿಸಿ ಹಾಸೇನ್ರಿ.” ಅಷ್ಟು ಹೇಳಿ, ಎಲ್ಲರೆದುರಿಗೇ ಅತ್ತುಬಿಟ್ಟರು.

ಜಿನ್ನವ್ವನ ಕಪ್ಪು ಕನ್ನಡಕದ ಹಿಂದೆ ಏನಾಗುತ್ತಿತ್ತೋ ಕಾಣಲಿಲ್ಲ. ಅವಳು ಕುರ್ಚಿಯಿಂದ ಎದ್ದು, “ತೇರದಾಳ ಎಷ್ಟು ದೂರಪಾ ಯುವರಾಜಾ?” ಎಂದಳು.

ಯುವರಾಜನ ಕಾರಿನಲ್ಲಿ ನಾಲ್ವರೂ ಹೊರಟೆವು. ಬನಹಟ್ಟಿ, ರಬಕವಿ ದಾಟುವವರೆಗೆ ಬಟ್ಟೆಗೆ ಏನಾಗಿದೆಯೋ ಎಂಬ ಹೆದರಿಕೆ ನನ್ನನ್ನು ಹಿಂಡುತ್ತಿತ್ತು. ಕೂಸಿನ ಬಟ್ಟೆ ಎಂದರೆ ಏನಾಗಿರುತ್ತದೆಂದು ಹೆತ್ತವಳಿಗೆ ಹೇಳಬೇಕಿಲ್ಲ. ಒಂದು ವೇಳೆ ಮಾನಸಿ ಅದನ್ನು ನೆಲ ಒರೆಸಲು ತೆಗೆದುಕೊಂಡಿದ್ದರೆ? ಎಸೆದಿದ್ದರೆ? ಮುಂದಿನ ಸೀಟಿನಲ್ಲಿ ಅಣ್ಣಾಸಾಹೇಬರು ಕಿಸೆಯೊಳಗಿನ ಪಟ್ಟಿಯನ್ನು ಬೆರಳಿನಿಂದ ಹಿಸುಕುತ್ತಲೇ ಇದ್ದರು.

ಮನೆಯಲ್ಲಿ ಕೂಸು ಮಲಗಿತ್ತು. ಖಣವನ್ನು ಎರಡು ತುಂಡು ಮಾಡಿದ್ದರು. ಒಂದು ಹಿತ್ತಿಲ ತಂತಿಯ ಮೇಲೆ ಒಣಗುತ್ತಿತ್ತು, ಇನ್ನೊಂದು ತೊಟ್ಟಿಲಲ್ಲಿ ಕೂಸಿನ ತಲೆಯ ಕೆಳಗಿತ್ತು. ಅಣ್ಣಾಸಾಹೇಬರು ತಂತಿಯ ಮೇಲಿನದನ್ನು ತಂದು ಜಿನ್ನವ್ವನ ಕೈಗೆ ಕೊಟ್ಟರು. ಇನ್ನೂ ಹಸಿಯಿತ್ತು. ಅವಳು ಅಂಚು ಹುಡುಕಿ ಬೆರಳಾಡಿಸಿದಳು, ಒಂದು ಕಡೆ ಹಳೆಯ ಹೊಲಿಗೆಯ ಟಾಕು ಸಿಕ್ಕಿತು, ಅಲ್ಲಿ ಬೆರಳು ನಿಂತಿತು. ಆಮೇಲೆ ಬಟ್ಟೆಯನ್ನು ಮೂಗಿಗೆ ಹಿಡಿದಳು.

“ಸಾಬೂನ ನಾರತೈತಿ” ಎಂದಳು.

ಮಾನಸಿಗೆ ಅಷ್ಟೊತ್ತಿಗೆ ವಿಷಯ ತಿಳಿದಿತ್ತು. ಅವಳು ಗಡಿಬಿಡಿಯಿಂದ ತೊಟ್ಟಿಲಿಗೆ ಬಾಗಿ, ಕೂಸಿನ ತಲೆಯನ್ನು ಒಂದು ಕೈಯಿಂದ ಎತ್ತಿ, ಕೆಳಗಿನ ತುಂಡನ್ನು ಜಗ್ಗತೊಡಗಿದಳು. ಕೂಸು ಕುಂಯ್ ಎಂದಿತು.

“ತಗೀಬ್ಯಾಡವಾ. ಎಚ್ಚರಾದೀತು” ಎಂದಳು ಜಿನ್ನವ್ವ. “ಎಷ್ಟು ದಿನದ್ದು?”

“ನಾಲ್ವತ್ತೊಂದ್ರಿ.”

“ಹಾಲು ಕುಡೀತೈತೇನು?”

“ಕುಡೀತೈತ್ರಿ.”

ಸಿನಿಮಾದಲ್ಲಾದರೆ ಆ ಕೂಸಿಗೆ ಜಿನ್ನವ್ವನ ಮಗಳ ಹೆಸರನ್ನೇ ಇಡುತ್ತಿದ್ದರು. ಅಂಥದ್ದೇನೂ ಆಗಲಿಲ್ಲ. ಆ ಮಗಳ ಹೆಸರೇನೆಂದು ನಾವು ಯಾರೂ ಕೇಳಲೂ ಇಲ್ಲ, ಅವಳು ಹೇಳಲೂ ಇಲ್ಲ. ಹಸಿ ತುಂಡನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಗಿಸಿಕೊಂಡಳು. ಸೀರೆಯ ಮೇಲೆ ನೀರಿನ ಕಲೆ ಮೂಡಿತು. ಕಾರು ಹತ್ತುವ ಮುಂಚೆ ಅಣ್ಣಾಸಾಹೇಬರ ಬಲಗಿವಿಯ ಹತ್ತಿರ ಬಾಯಿ ತಂದು, ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು.

“ಬ್ಯಾರೆಯವರ ಗಂಟು ಬಿಚ್ಚು ಮೊದಲ ಕೇಳಬೇಕಪಾ ತಮ್ಮಾ.”

ದೂರು ಬರಲಿಲ್ಲ. ತಿಂಗಳ ಕೊನೆಯ ಪಟ್ಟಿಯಲ್ಲಿ ಅಣ್ಣಾಸಾಹೇಬರ ಹೆಸರು ಇತ್ತು. ಆದರೆ ಅವರ ಗದ್ದಲ ನಿಂತುಹೋಗಿದೆ. ವಿದ್ಯಾರ್ಥಿನಿಯರು ಬೆಚ್ಚಿಬೀಳುವುದಿಲ್ಲ, ಆ ಫಲಕವನ್ನು ನಾನು ಯಾರಿಗೂ ತೋರಿಸಬೇಕಾಗಿಲ್ಲ. ಕಪಾಟಿನ ಕೀಲಿ ಹಾಕಿ ಜಗ್ಗಿ ನೋಡುವ ಚಟ ಮಾತ್ರ ಉಳಿದಿದೆ.

ಜಿನ್ನವ್ವ ಆ ಮಾತು ಅವರಿಗೆ ಹೇಳಿದ್ದಾದರೂ ತಾಗಬೇಕಾದದ್ದು ನನಗೆ. ಒಂದು ವರ್ಷದ ಹಿಂದೆ ಗಲಗಲಿಯ ಆ ಮನೆಗೆ ಹೋಗಿ ದಾನಪತ್ರ ಬರೆದುಕೊಂಡವಳು ನಾನು. ಗರಿ ಎಷ್ಟು, ಉದ್ದ ಎಷ್ಟು, ಹುಳು ತಿಂದದ್ದೆಷ್ಟು, ಎಲ್ಲ ಕೇಳಿದ್ದೆ. ಜಿನ್ನವ್ವ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಹೊರಗಿನ ಬಟ್ಟೆ ಸರಿಸಿ ಒಳಗಿನದನ್ನು ತೋರಿಸಿ, “ಇದೊಂದು ಐತಿ ನೋಡವಾ” ಎಂದಿದ್ದಳು. ಮುಧೋಳದ ಕೊನೆಯ ಬಸ್ಸಿಗೆ ಹೊತ್ತಾಗಿತ್ತು. “ಇರಲಿ ಬಿಡ್ರಿ ಆಯಿ, ಅರಿವಿ ಬರಕೊಳ್ಳೂದಿಲ್ಲ” ಎಂದು ನಾನು ರಿಜಿಸ್ಟರು ಮುಚ್ಚಿದ್ದೆ.